ಅಡ್ಮಿನ್ ಟೋಪಿ ತೆಗೆದಿಟ್ಟು ಪ್ಲಗಿನ್ ಪರೀಕ್ಷಿಸಿ

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಪ್ಲಗಿನ್ ಸುರಕ್ಷಿತವೇ ಎಂದು ನೋಡಲು ಹೇಳಿದರೆ ಹೆಚ್ಚಿನವರು ಅಡ್ಮಿನ್ ಖಾತೆಯಲ್ಲಿ ಕುಳಿತು ನಾಲ್ಕು ಗುಂಡಿ ಒತ್ತಿ, ‘ಎಲ್ಲ ಸರಿಯಾಗಿದೆ’ ಎಂದು ಎದ್ದುಬಿಡುತ್ತಾರೆ. ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಬೀಗ ಗಟ್ಟಿಯಾಗಿದೆಯೇ ಎಂದು ನೋಡುವ ಪರಿ ಇದು. ಇಂಥ ಪರೀಕ್ಷೆಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ವೆಬ್‌ಸೈಟ್ ಕೇಳಬೇಕಾದ ಪ್ರಶ್ನೆಗಳು ಎರಡು. ನೀನು ಯಾರು? ಈ ಕೆಲಸ ಮಾಡಲು ನಿನಗೆ ಅಧಿಕಾರವಿದೆಯೇ? ಮೊದಲನೆಯದನ್ನು ಲಾಗಿನ್ ಪುಟ ನೋಡಿಕೊಳ್ಳುತ್ತದೆ. ಎರಡನೆಯದನ್ನು ಪ್ಲಗಿನ್ ಬರೆದವರು ಪ್ರತಿಯೊಂದು ಕೆಲಸಕ್ಕೂ ನೆನಪಿಟ್ಟು ಕೇಳಬೇಕು. ಕೇಳಲು ಮರೆತರೆ ಆ ದೋಷದ ಹೆಸರು ‘ಮಿಸ್ಸಿಂಗ್ ಆಥರೈಸೇಷನ್’. ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿಡಬ್ಲ್ಯುಇ-862. ಈ ಜಾತಿಯ ಪ್ರವೇಶ ನಿಯಂತ್ರಣದ ದೋಷಗಳು ವೆಬ್ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯ 2017ರ ದೊಡ್ಡ ಅಪಾಯಗಳ ಪಟ್ಟಿಯಲ್ಲಿ 5ನೆಯ ಸ್ಥಾನದಲ್ಲಿದ್ದವು, 2021ರಲ್ಲಿ ಮೊದಲ ಸ್ಥಾನಕ್ಕೆ ಏರಿದವು. 2018ರ ನವೆಂಬರಿನಲ್ಲಿ ‘ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್’ ಎಂಬ ಪ್ಲಗಿನ್‌ನಲ್ಲಿ ಇಂಥದೇ ತೂತು ಸಿಕ್ಕಿತು. ದಾಳಿಕೋರರು ಸೈಟಿನ ಸೆಟ್ಟಿಂಗ್ ಬದಲಿಸಿ ತಮಗೆ ತಾವೇ ಅಡ್ಮಿನ್ ಖಾತೆ ತೆರೆದುಕೊಂಡರು. ಖಾಸಗಿತನ ಕಾಪಾಡಲೆಂದು ಹಾಕಿಕೊಂಡಿದ್ದ ಪ್ಲಗಿನ್ ಅದು!

ಇಲ್ಲಿ ಹೇಳುವುದೆಲ್ಲ ವರ್ಡ್‌ಪ್ರೆಸ್‌ಗೆ ಸಂಬಂಧಿಸಿದ್ದು. ಕನ್ನಡದಲ್ಲಿ ಕೊಟ್ಟಿರುವ ಕೋಡ್ ಹೆಸರುಗಳನ್ನು ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಹಂತ 1: ಸೈಟಿನ ನಕಲು ಮಾಡಿಕೊಳ್ಳಿ. ಪರೀಕ್ಷೆಯೆಲ್ಲ ಅದರ ಮೇಲೆಯೇ ನಡೆಯಲಿ. ಅನುಮತಿಯಿಲ್ಲದೆ ಬೇರೆಯವರ ಸೈಟಿನ ಮೇಲೆ ಕೈ ಹಾಕಬೇಡಿ.

ಹಂತ 2: ನಕಲಿನಲ್ಲಿ ಒಂದು ಸಬ್‌ಸ್ಕ್ರೈಬರ್ ಖಾತೆ ತೆರೆಯಿರಿ. ವರ್ಡ್‌ಪ್ರೆಸ್‌ನ ಪಾತ್ರಗಳಲ್ಲಿ ತೀರ ಕೆಳಗಿನದು ಇದೇ; ತನ್ನ ಪ್ರೊಫೈಲ್ ತಿದ್ದಿಕೊಳ್ಳುವುದನ್ನು ಬಿಟ್ಟರೆ ಹೆಚ್ಚೇನೂ ಮಾಡಲಾಗದು.

ಹಂತ 3: ಪ್ಲಗಿನ್‌ನ ಫೋಲ್ಡರಿನಲ್ಲಿ ‘ಡಬ್ಲ್ಯುಪಿ_ಅಜಾಕ್ಸ್_’ ಎಂದು ಹುಡುಕಿ. ಹೊರಗಿನಿಂದ ಬರುವ ಆದೇಶಗಳ ಬಾಗಿಲುಗಳು ಹೆಚ್ಚಾಗಿ ಇಲ್ಲಿ ಸಾಲಾಗಿ ಸಿಗುತ್ತವೆ. ಹೆಸರಿನಲ್ಲಿ ‘ನೋಪ್ರಿವ್’ ಇದ್ದರೆ ಲಾಗಿನ್ ಆಗದವರೂ ಆ ಬಾಗಿಲು ತಟ್ಟಬಹುದು. ಅದು ಇಲ್ಲದಿದ್ದರೆ ಅಡ್ಮಿನ್‌ಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಲಾಗಿನ್ ಆದ ಯಾರು ಬೇಕಾದರೂ ತಟ್ಟಬಹುದು. ಪ್ರತಿ ಬಾಗಿಲಿಗೂ ಒಂದು ಫಂಕ್ಷನ್, ಅಂದರೆ ಆ ಕೆಲಸ ಮಾಡುವ ಕೋಡ್ ತುಣುಕು, ಇರುತ್ತದೆ. ಅದು ಕೆಲಸ ಶುರುಮಾಡುವ ಮೊದಲೇ ‘ಕರೆಂಟ್_ಯೂಸರ್_ಕ್ಯಾನ್’ ಎಂಬ ಪ್ರಶ್ನೆ ಬರಬೇಕು. ಬರದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಹುಡುಕಾಟದ ಪೆಟ್ಟಿಗೆ, ಸಂಪರ್ಕ ಫಾರ್ಮ್‌ನಂಥವು ಎಲ್ಲರಿಗೂ ತೆರೆದಿರಬೇಕಾದವು, ಅವುಗಳಿಗೆ ಗಾಬರಿ ಬೇಡ.

ಅಲ್ಲಿ ‘ಈಸ್_ಅಡ್ಮಿನ್’ ಕಂಡು ಸಮಾಧಾನ ಪಟ್ಟುಕೊಳ್ಳಬೇಡಿ. ಈ ಹೆಸರಿನಷ್ಟು ಜನರನ್ನು ದಾರಿ ತಪ್ಪಿಸಿದ ಹೆಸರು ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದಿಲ್ಲ. ವಿನಂತಿ ಅಡ್ಮಿನ್ ವಿಭಾಗದ ಕಡೆಗೆ ಬಂದಿದೆಯೇ ಎಂದಷ್ಟೇ ಅದು ಹೇಳುತ್ತದೆ. ‘ಅಡ್ಮಿನ್-ಅಜಾಕ್ಸ್’ ಫೈಲಿಗೆ ಬಂದ ಅಪರಿಚಿತನ ವಿಷಯದಲ್ಲೂ ಅದರ ಉತ್ತರ ‘ಹೌದು’. ಹೊರಗಿನಿಂದ ಆದೇಶ ಬರುವ ಇನ್ನೊಂದು ಬಗೆಯ ಬಾಗಿಲು ರೆಸ್ಟ್ ಎಪಿಐ. ಅದರ ದಾರಿಗಳಲ್ಲಿ ಅಧಿಕಾರದ ಪ್ರಶ್ನೆ ಕೇಳುವ ‘ಪರ್ಮಿಷನ್_ಕಾಲ್‌ಬ್ಯಾಕ್’ ನೋಡಿ. 2020ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಅದನ್ನು ಬಿಟ್ಟರೆ ವರ್ಡ್‌ಪ್ರೆಸ್ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯ ಬಾಯಿ ಮುಚ್ಚಿಸಲು ಕೆಲವರು ‘ರಿಟರ್ನ್_ಟ್ರೂ’ ಎಂದು ಬರೆದು ಬಿಡುತ್ತಾರೆ. ಎಲ್ಲರೂ ಬನ್ನಿ ಎಂದು ಅದರ ಅರ್ಥ.

ಹಂತ 4: ಪರೀಕ್ಷೆ ಕೆಡುವುದು ಇಲ್ಲಿ, ನಿಧಾನವಾಗಿ ಓದಿ. ಅಡ್ಮಿನ್ ಆಗಿ ಲಾಗಿನ್ ಆಗಿ, ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗ ತೆರೆದಿಟ್ಟು ಪ್ಲಗಿನ್‌ನ ‘ಸೇವ್’ ಗುಂಡಿ ಒತ್ತಿ. ಹೊರಟ ವಿನಂತಿಯ ಮೇಲೆ ಬಲ ಕ್ಲಿಕ್ ಮಾಡಿ ‘ಕಾಪಿ ಆಸ್ ಫೆಚ್’ ಆಯ್ದುಕೊಳ್ಳಿ. ಇನ್ನು ಸಬ್‌ಸ್ಕ್ರೈಬರ್ ಆಗಿ ಲಾಗಿನ್ ಆಗಿ, ಎಫ್12 ಒತ್ತಿದಾಗ ಸಿಗುವ ಕನ್ಸೋಲ್ ವಿಭಾಗದಲ್ಲಿ ಅದನ್ನು ಅಂಟಿಸಿ ಚಲಾಯಿಸಬೇಕು. ಈ ಲಾಗಿನ್ ಬೇರೆ ಬ್ರೌಸರಿನಲ್ಲೇ ಆಗಲಿ. ಅದೇ ಬ್ರೌಸರಿನ ಇನ್ನೊಂದು ಟ್ಯಾಬಿನಲ್ಲಿ ಮಾಡಿದರೆ ಕುಕೀ (ಲಾಗಿನ್ ಆದವರು ಯಾರೆಂದು ಸೈಟಿಗೆ ತಿಳಿಸಲು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಒಂದೇ ಆದ್ದರಿಂದ ಯಾರ ಹೆಸರಿನಲ್ಲಿ ಪರೀಕ್ಷಿಸುತ್ತಿದ್ದೀರಿ ಎಂಬುದೇ ಕಲಸಿಹೋಗುತ್ತದೆ. ‘ಕಾಪಿ ಆಸ್ ಕರ್ಲ್’ ಆಯ್ದುಕೊಂಡರೆ ಅಡ್ಮಿನ್‌ನ ಕುಕೀ ಅದರ ಜೊತೆಗೇ ಅಂಟಿಕೊಂಡು ಬರುತ್ತದೆ. ಹಾಗೆ ಬಂದ ಆಜ್ಞೆಯನ್ನು ಟರ್ಮಿನಲ್‌ನಲ್ಲಿ ಓಡಿಸಿ, ‘ಅಯ್ಯೋ, ತೂತಿದೆ’ ಎಂದು ಪ್ಲಗಿನ್ ಬರೆದವರಿಗೆ ಗಾಬರಿಯ ಪತ್ರ ಬರೆದವರನ್ನು ನಾನು ಕಂಡಿದ್ದೇನೆ.

ಇದಕ್ಕಿಂತ ದೊಡ್ಡ ತಪ್ಪು ಇದರ ತಿರುವುಮುರುವು. ಚಲಾಯಿಸಿದಾಗ ‘-1’ ಎಂಬ ಉತ್ತರ ಬರುತ್ತದೆ, ಜನ ಸುರಕ್ಷಿತ ಎಂದು ತೀರ್ಮಾನಿಸುತ್ತಾರೆ. ಹೆಚ್ಚಾಗಿ ಸೋತದ್ದು ಅಧಿಕಾರದ ಪ್ರಶ್ನೆಯಲ್ಲಲ್ಲ, ನಾನ್ಸ್‌ನಲ್ಲಿ. ವಿನಂತಿ ನಮ್ಮದೇ ಪುಟದಿಂದ ಬಂದಿದೆಯೇ ಎಂದು ನೋಡಲು ಕೊಡುವ ತಾತ್ಕಾಲಿಕ ಚೀಟಿ ನಾನ್ಸ್. ಸಾಮಾನ್ಯವಾಗಿ ಗರಿಷ್ಠ 24 ಗಂಟೆ ನಡೆಯುತ್ತದೆ, ಬಳಕೆದಾರನಿಂದ ಬಳಕೆದಾರನಿಗೆ ಬೇರೆಯಾಗಿರುತ್ತದೆ. ನೀವು ಅಡ್ಮಿನ್‌ನ ಚೀಟಿ ಹಿಡಿದು ಸಬ್‌ಸ್ಕ್ರೈಬರ್ ವೇಷದಲ್ಲಿ ಹೋದಿರಿ, ಕಾವಲುಗಾರ ತಡೆದ. ಸಬ್‌ಸ್ಕ್ರೈಬರ್‌ಗೆ ಅವನದೇ ಚೀಟಿ ಸಿಗುವಂತಿದ್ದರೆ? ಅವನ ಪ್ರೊಫೈಲ್ ಪುಟ, ಮುಖಪುಟ ಎರಡರ ಸೋರ್ಸ್ ತೆರೆದು, ವಿನಂತಿಯಲ್ಲಿದ್ದ ನಾನ್ಸ್‌ನ ಹೆಸರನ್ನು ಹುಡುಕಿ. ಎಷ್ಟೋ ಪ್ಲಗಿನ್‌ಗಳು ಅದನ್ನು ಯಾರಿಗೆ, ಏಕೆ ಎಂದು ನೋಡದೆ ಎಲ್ಲ ಪುಟಗಳಲ್ಲೂ ಚೆಲ್ಲಿಬಿಟ್ಟಿರುತ್ತವೆ. ಸಿಕ್ಕರೆ ಹಳೆಯ ಚೀಟಿಯ ಜಾಗದಲ್ಲಿ ಅದನ್ನು ಹಾಕಿ ಮತ್ತೆ ಚಲಾಯಿಸಿ. ಸಿಗದಿದ್ದರೂ, ಫಂಕ್ಷನ್‌ನಲ್ಲಿ ಅಧಿಕಾರದ ಪ್ರಶ್ನೆ ಇಲ್ಲದಿದ್ದರೆ ನಾನು ಅದನ್ನು ದೋಷವೆಂದೇ ಲೆಕ್ಕ ಹಾಕುತ್ತೇನೆ. ಅಧಿಕಾರ ಪರಿಶೀಲನೆಗೆ ನಾನ್ಸ್ ನೆಚ್ಚಿಕೊಳ್ಳಬೇಡಿ ಎಂದು ವರ್ಡ್‌ಪ್ರೆಸ್‌ನ ಕೈಪಿಡಿಯೇ ಹೇಳುತ್ತದೆ.

ಕೊನೆಗೆ ಉತ್ತರವನ್ನು ನಂಬದೆ ಫಲವನ್ನು ನೋಡಿ. ‘ವಿಫಲ’ ಎಂದು ಉತ್ತರ ಕೊಟ್ಟು ಒಳಗೆ ಸೆಟ್ಟಿಂಗ್ ಬದಲಿಸಿದ ಕೋಡ್ ಕೂಡ ಇರುತ್ತದೆ. ಅಡ್ಮಿನ್ ಬ್ರೌಸರಿಗೆ ಮರಳಿ, ಪುಟವನ್ನು ರಿಫ್ರೆಶ್ ಮಾಡಿ, ಬೆಲೆ ಬದಲಾಯಿತೇ, ಪಟ್ಟಿ ಅಳಿಯಿತೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಹಸಿರು ಟಿಕ್ ತೋರಿಸುವ ಸ್ಕ್ಯಾನರುಗಳಲ್ಲಿ ಹಲವು ಪ್ಲಗಿನ್‌ನ ಆವೃತ್ತಿ ಸಂಖ್ಯೆಯನ್ನು ಗೊತ್ತಿರುವ ದೋಷಗಳ ಪಟ್ಟಿಯೊಡನೆ ಹೋಲಿಸುತ್ತವೆ, ಅಷ್ಟೇ. ಇನ್ನೂ ಯಾರಿಗೂ ಕಾಣದ ತೂತು ಅವುಗಳಿಗೂ ಕಾಣದು. ಲಾಗಿನ್ ವಿಳಾಸ ಬಚ್ಚಿಡುವ ಪ್ಲಗಿನ್‌ಗಳಂತೂ ಈ ಕಾಯಿಲೆಗೆ ಮದ್ದೇ ಅಲ್ಲ. ಕದ್ದ ಪ್ರೀಮಿಯಂ ಪ್ಲಗಿನ್ ಬಳಸುವವರು ಈ ಲೇಖನ ಓದುವ ಶ್ರಮವನ್ನೂ ಪಡಬೇಕಾಗಿಲ್ಲ.

ಹಂತ 5: ದೋಷ ಸಿಕ್ಕರೆ, ಅಪ್‌ಡೇಟ್ ಬಂದಿದ್ದರೆ ಇವತ್ತೇ ಹಾಕಿ. ಬಂದಿಲ್ಲದಿದ್ದರೆ ಪ್ಲಗಿನ್ ನಿಷ್ಕ್ರಿಯಗೊಳಿಸಿ ಅಳಿಸಿ. ನಿಷ್ಕ್ರಿಯ ಮಾಡಿ ಬಿಟ್ಟರೆ ಸಾಲದೇ ಎಂದು ಕೇಳುತ್ತಾರೆ. ಫೈಲುಗಳು ಸರ್ವರಿನಲ್ಲೇ ಉಳಿದು, ಕೆಲವನ್ನು ನೇರವಾಗಿ ಕರೆಯಲು ಸಾಧ್ಯವಾಗಬಹುದು, ಆದ್ದರಿಂದ ಸಾಲದು. ಬರೆದವರಿಗೆ ಖಾಸಗಿಯಾಗಿ ತಿಳಿಸಿ. ತಿದ್ದುಪಡಿ ಬರುವ ಮೊದಲು ಊರಿಗೆಲ್ಲ ಸಾರಬೇಡಿ. ನೀವೇ ಬರೆದ ಪ್ಲಗಿನ್ ಆದರೆ ಫಂಕ್ಷನ್‌ನ ಮೊದಲಿಗೇ ಎರಡೂ ಇರಲಿ, ನಾನ್ಸ್ ಮತ್ತು ‘ಕರೆಂಟ್_ಯೂಸರ್_ಕ್ಯಾನ್’. ಸೆಟ್ಟಿಂಗ್ ಬದಲಿಸುವ ಕೆಲಸಕ್ಕೆ ‘ಮ್ಯಾನೇಜ್_ಆಪ್ಷನ್ಸ್’ ಅಧಿಕಾರವನ್ನೇ ಕೇಳಿ. ‘ಎಡಿಟ್_ಪೋಸ್ಟ್ಸ್’ ಕೇಳಿ ಸುಮ್ಮನಾದರೆ ಕಾಂಟ್ರಿಬ್ಯೂಟರ್ ಕೂಡ ಒಳಗೆ ಬರುತ್ತಾನೆ.

ದೋಷ ಅಸಲಿ ಸೈಟಿನಲ್ಲಿ ತೆರೆದಿದ್ದಷ್ಟು ದಿನ ಯಾರಾದರೂ ಒಳಗೆ ನುಸುಳಿರಬಹುದು. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದಾರೆಯೇ ನೋಡಿ. ಸಾಮಾನ್ಯ ಸೆಟ್ಟಿಂಗ್ ಪುಟದಲ್ಲಿ ‘ಯಾರು ಬೇಕಾದರೂ ನೋಂದಾಯಿಸಬಹುದು’ ಎಂಬ ಚೌಕಕ್ಕೆ ನೀವು ಹಾಕದ ಟಿಕ್ ಬಿದ್ದಿದ್ದು, ಅದರ ಕೆಳಗಿನ ಹೊಸ ಬಳಕೆದಾರರ ಪಾತ್ರ ‘ಅಡ್ಮಿನಿಸ್ಟ್ರೇಟರ್’ ಎಂದಿದ್ದರೆ, ಪ್ಲಗಿನ್ ಅಳಿಸಿದ್ದು ಸಾಲದು. ದೋಷ ಬರುವ ಮೊದಲಿನ ಬ್ಯಾಕಪ್ ಹುಡುಕಲು ಶುರುಮಾಡಿ.