ಸೊಂಟದ ಆಪರೇಷನ್ನಾ ಫಿಸಿಯೋನಾ: ಸ್ಟಡಿ ಓದೋದು ಹೇಗೆ

ಸೊಂಟದ ಹತ್ರ ನರ ಹೋಗೋ ದಾರಿ ಕಿರಿದಾಗಿದೆ, ಲಂಬರ್ ಸ್ಟೆನೋಸಿಸ್ ಅಂತ ಡಾಕ್ಟ್ರು ಹೇಳಿದ ಮೇಲೆ ಮನೇಲಿ ಒಬ್ರು ಆಪರೇಷನ್ ಮಾಡ್ಸಿ ಅಂತಾರೆ, ಇನ್ನೊಬ್ರು ಬೇಡ್ವೇ ಬೇಡ ಅಂತಾರೆ, ಇಬ್ರ ಹತ್ರಾನೂ ಒಂದೊಂದು ಸ್ಟಡಿ ಇರತ್ತೆ. ಎರಡೂ ಸುಳ್ಳಲ್ಲ, ಓದೋ ರೀತಿ ಗೊತ್ತಿರ್ಬೇಕು ಅಷ್ಟೇ.

ಮೊದ್ಲು ಕೊನೇ ಸಾಲಿಗೆ ಹಾರ್ಬೇಡಿ, ಯಾರಿಗೆ ಯಾವ ಟ್ರೀಟ್‌ಮೆಂಟ್ ಅಂತ ಚೀಟಿ ಎತ್ತಿದ್ರು, ನಿಜವಾಗ್ಲೂ ಯಾರು ಏನು ಮಾಡಿಸ್ಕೊಂಡ್ರು ಅಂತ ಹುಡುಕಿ. ಅಮೆರಿಕದ ಸ್ಪೋರ್ಟ್ (SPORT, ಆಟಕ್ಕೆ ಸಂಬಂಧ ಇಲ್ಲ, ಬೆನ್ನುಮೂಳೆ ಪೇಷೆಂಟ್‌ಗಳ ಸ್ಟಡಿ ಹೆಸರು) ಟ್ರಯಲ್ ನೋಡಿ, 2008ರಲ್ಲಿ ಬಂದಿದ್ದು. ಚೀಟಿ ಎತ್ತಿದ್ದು 289 ಜನಕ್ಕೆ. 2 ವರ್ಷ ಆಗೋ ಹೊತ್ತಿಗೆ ಆಪರೇಷನ್ ಗುಂಪಿನಲ್ಲಿ 67% ಮಾತ್ರ ಆಪರೇಷನ್ ಮಾಡಿಸ್ಕೊಂಡಿದ್ರು, ಬೇಡ ಅನ್ನೋ ಗುಂಪಿನಲ್ಲೂ 43% ಮಾಡಿಸ್ಕೊಂಡಿದ್ರು! ಚೀಟಿ ಪ್ರಕಾರ ಲೆಕ್ಕ ಹಾಕಿದ್ರೆ ನೋವಲ್ಲಿ ಒಂಚೂರು ಲಾಭ ಕಾಣತ್ತೆ ಓಡಾಟದಲ್ಲಿ ಕಾಣಲ್ಲ, ನಿಜವಾಗಿ ಮಾಡಿಸ್ಕೊಂಡವರನ್ನ ಲೆಕ್ಕ ಹಾಕಿದ್ರೆ ಎರಡ್ರಲ್ಲೂ ಆಪರೇಷನ್ನೇ ಮುಂದೆ, ಆದ್ರೆ ಆ ಎರಡನೇ ಲೆಕ್ಕದಲ್ಲಿ ತಾವೇ ಆರಿಸ್ಕೊಂಡವರು ಇರೋದ್ರಿಂದ ಹೋಲಿಕೆ ಅಷ್ಟು ಶುದ್ಧ ಅಲ್ಲ. 2015ರ ಪಿಟ್ಸ್‌ಬರ್ಗ್ ಸ್ಟಡಿ (169 ಜನ) "ಆಪರೇಷನ್ನೂ ಫಿಸಿಯೋನೂ ಒಂದೇ" ಅಂದಿದ್ದನ್ನೇ ಎಲ್ರೂ ಕಳಿಸೋದು, ಫಿಸಿಯೋ ಗುಂಪಿನಲ್ಲಿ 57% ಆಪರೇಷನ್‌ಗೆ ಹೋದ್ರು ಅನ್ನೋದನ್ನ ಯಾರೂ ಕಳ್ಸಲ್ಲ.

ಆಮೇಲೆ ಏನಕ್ಕೆ ಏನು ಹೋಲಿಸಿದ್ದಾರೆ ನೋಡಿ. 2014ರಲ್ಲಿ 400 ಜನಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ರು, ಅರ್ಧ ಜನಕ್ಕೆ ಸ್ಟೀರಾಯ್ಡ್ ಜೊತೆ ಲಿಡೋಕೇನ್ (ಮರಗಟ್ಟಿಸೋ ಔಷಧಿ), ಉಳಿದವ್ರಿಗೆ ಬರೀ ಲಿಡೋಕೇನ್. 6 ವಾರಕ್ಕೆ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಇದರರ್ಥ ಸ್ಟೀರಾಯ್ಡ್ ಸೇರಿಸಿದ್ದು ದೊಡ್ಡ ಕೆಲಸ ಮಾಡ್ಲಿಲ್ಲ ಅಂತ, ಇಂಜೆಕ್ಷನ್ನೇ ದಂಡ ಅಂತ ಅಲ್ಲ.

ಯಾವ ಅಳತೆ ಅನ್ನೋದೂ ಮುಖ್ಯ. 2016ರಲ್ಲಿ ಒಂದೇ ಜರ್ನಲ್‌ನ ಒಂದೇ ಸಂಚಿಕೆಲಿ ಎರಡು ಸ್ಟಡಿ ಬಂತು, ಎರಡೂ ಕೇಳಿದ್ದು ನರದ ಒತ್ತಡ ಬಿಡಿಸಿದ್ರೆ ಸಾಕಾ, ಮೂಳೆ ಜೋಡಿಸಿ ಸ್ಕ್ರೂ ಹಾಕ್ಬೇಕಾ ಅಂತ. ಸ್ವೀಡನ್‌ನ 247 ಜನರಲ್ಲಿ ಸ್ಕ್ರೂ ಹಾಕಿದ್ರಿಂದ ಹೆಚ್ಚಿನ ಉಪಯೋಗ ಆಗ್ಲಿಲ್ಲ. ಅಮೆರಿಕದ 66 ಜನರಲ್ಲಿ (ಇವ್ರೆಲ್ಲ ಬೆನ್ನಿನ ಒಂದು ಮೂಳೆ ಇನ್ನೊಂದರ ಮೇಲೆ ಜಾರಿದವ್ರು) ಸ್ಕ್ರೂ ಹಾಕಿಸ್ಕೊಂಡವ್ರು ಒಂದು ಸ್ಕೋರಲ್ಲಿ ಸ್ವಲ್ಪ ಮೇಲು, ಆಸ್ವೆಸ್ಟ್ರಿ (ಬೆನ್ನು ನೋವಿಂದ ದಿನದ ಕೆಲಸಕ್ಕೆ ಎಷ್ಟು ತೊಂದ್ರೆ ಅಂತ ಅಳೆಯೋದು) ಸ್ಕೋರಲ್ಲಿ ಇಲ್ಲ. ಆಮೇಲೆ 2021ರಲ್ಲಿ ನಾರ್ವೆಯವ್ರು ಮೂಳೆ ಜಾರಿದ 267 ಜನರನ್ನೇ ತಗೊಂಡು ಬರೀ ಒತ್ತಡ ಬಿಡಿಸಿದ್ರೂ 2 ವರ್ಷಕ್ಕೆ ಕಮ್ಮಿಯೇನಿಲ್ಲ ಅಂತ ತೋರಿಸಿದ್ರು. ಹಾಗಾಗಿ ಸರ್ಜನ್ ಸ್ಕ್ರೂ ಅಂದ ತಕ್ಷಣ "ನಮ್ಮ ಕೇಸಲ್ಲಿ ಬರೀ ಡಿಕಂಪ್ರೆಷನ್ (ಒತ್ತಡ ಬಿಡಿಸೋದು) ಯಾಕೆ ಸಾಲಲ್ಲ?" ಅಂತ ಕೇಳೋದ್ರಲ್ಲಿ ತಪ್ಪಿಲ್ಲ, ನನ್ ಪ್ರಕಾರ ಕೇಳ್ಲೇಬೇಕು, ಎಕ್ಸ್‌ರೇಲಿ ಮೂಳೆ ಅಲುಗಾಡೋದು ಜಾಸ್ತಿ ಇದ್ರೆ ಅವ್ರೇ ತೋರಿಸಿ ಹೇಳ್ತಾರೆ.

ಎಷ್ಟು ದಿನದ ರಿಸಲ್ಟ್ ಅಂತಾನೂ ನೋಡಿ. 2019ರಲ್ಲಿ 259 ಜನರ ಒಂದು ಸ್ಟಡಿಲಿ ಕೈಯಿಂದ ಮಾಡೋ ಥೆರಪಿ ಜೊತೆ ವ್ಯಾಯಾಮ 2 ತಿಂಗಳಿಗೆ ಬೇರೆ ಗುಂಪುಗಳಿಗಿಂತ ಮುಂದಿತ್ತು, 6 ತಿಂಗಳಿಗೆ ಎಲ್ಲಾ ಗುಂಪೂ ಹೆಚ್ಚುಕಮ್ಮಿ ಸಮ.

ಇದೆಲ್ಲ ಯೋಚ್ನೆ ಮಾಡೋಕೆ ಟೈಮ್ ಇರೋರಿಗೆ. ಉಚ್ಚೆ ಕಟ್ಟಿದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಕಾಲು ದಿಢೀರ್ ಬಲ ಕಳ್ಕೊಂಡ್ರೆ ಸ್ಟಡಿ ಗಿಡಿ ಬದಿಗಿಟ್ಟು ಅವತ್ತೇ ಎಮರ್ಜೆನ್ಸಿಗೆ ಹೋಗಿ.