ಕೌದಿಗೊಂದು ಆಕಾಶ: ಬಟ್ಟೆಗೆ ನಾನೇ ಬಣ್ಣ ಹಾಕಿದ್ದು

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮುಂಬಯಿ ಪಕ್ಕದ ಐರೋಲಿಯಿಂದ ಬೋಟು ಹತ್ತಿ ಠಾಣೆ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಫ್ಲೆಮಿಂಗೊ ನೋಡಲು ಹೋಗಿದ್ದೆವು. ಭರತ ಇಳಿತ ನೋಡಿಕೊಂಡು ಅಲ್ಲಿ ಬೋಟು ಬಿಡುತ್ತಾರೆ. ಆ ದಿನ ನಮಗೆ ಸಿಕ್ಕಿದ್ದು ಸಂಜೆ. ನೀರು ಇಳಿದು ಕೆಸರು ಹೊಳೆಯುತ್ತಿತ್ತು, ಅದರ ಮೇಲೆ ಸಾಲುಸಾಲಾಗಿ ಹಕ್ಕಿಗಳು. ಎಲ್ಲರೂ ಹಕ್ಕಿ ನೋಡುತ್ತಿದ್ದರು. ನನ್ನ ಕಣ್ಣು ಹಕ್ಕಿಗಳ ಹಿಂದೆ ಪಶ್ಚಿಮದ ಕಡೆಗಿತ್ತು. ನಮ್ಮ ಮುಲುಂಡಿನ ಕಟ್ಟಡಗಳು, ಅವುಗಳ ಹಿಂದೆ ಬೊರಿವಲಿ ಕಾಡಿನ ಗುಡ್ಡ, ಗುಡ್ಡದ ಮೇಲೆ ಧೂಳು ಹಿಡಿದ ಹಳದಿ. ಹಳದಿ ಮೇಲಕ್ಕೆ ಹೋಗುತ್ತಾ ಗುಲಾಬಿ ಆಗಿ, ಗುಲಾಬಿ ಬೂದಿ ಬಣ್ಣಕ್ಕೆ ತಿರುಗಿ, ತಲೆಯ ಮೇಲೆ ಬರುವಷ್ಟರಲ್ಲಿ ಮಾಸಿದ ನೀಲಿ. ಎಲ್ಲಿ ಯಾವ ಬಣ್ಣ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಇದನ್ನು ಬಟ್ಟೆಯಲ್ಲಿ ತರಬೇಕು ಅನ್ನಿಸಿತು.

ನಮ್ಮದು ಗದಗಿನ ಕಡೆ. ಅವ್ವ ಹಳೇ ಸೀರೆ, ಧೋತರ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ನಮ್ಮ ಬಿಲ್ಡಿಂಗಿನ ಮರಾಠಿ ಕಾಕು ಅದನ್ನೇ ಗೋಧಡಿ ಅನ್ನುತ್ತಾರೆ. ನಾನು ಹೊಲಿಯುವುದು ಗೋಡೆಗೆ ತೂಗುಹಾಕುವ ಚಿತ್ರದ ಕೌದಿ, ಅಂದರೆ ಲ್ಯಾಂಡ್‌ಸ್ಕೇಪ್ ಕ್ವಿಲ್ಟ್. ಗುಡ್ಡ, ಮರ, ನೀರು ಎಲ್ಲಾ ಬಟ್ಟೆ ತುಂಡುಗಳಿಂದ. ಆಕಾಶ ಮಾತ್ರ ಸಾಮಾನ್ಯವಾಗಿ ಒಂದೇ ಬಟ್ಟೆ, ಚಿತ್ರದ ಅರ್ಧದಷ್ಟು. ಅದು ಸರಿ ಬರದಿದ್ದರೆ ಕೆಳಗೆ ಎಷ್ಟು ಚೆಂದ ಹೊಲಿದರೂ ಚಿತ್ರ ನಿಲ್ಲುವುದಿಲ್ಲ.

ಮುಂಬಯಿಯ ಬಟ್ಟೆಪೇಟೆ ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಅರ್ಧ ದಿನ ಹುಡುಕಿದೆ. ಮೋಡದ ಪ್ರಿಂಟ್ ಸಿಕ್ಕಿತು, ಆದರೆ ಗೇಣಿಗೊಂದು ಅದೇ ಮೋಡ. ಬರೀ ನೀಲಿ ಬಟ್ಟೆ ಹಾಕಿದರೆ ಬಣ್ಣ ಬಳಿದ ಗೋಡೆ ಕಂಡಂತೆ ಕಾಣುತ್ತದೆ. ಕಾರಣ ಸುಲಭ. ನಿಜವಾದ ಆಕಾಶ ತಲೆಯ ಮೇಲೆ ಗಾಢ, ದಿಗಂತದ ಹತ್ತಿರ ತೆಳು. ದಿಗಂತದ ಕಡೆ ನೋಡುವಾಗ ನಮ್ಮ ಕಣ್ಣು ಜಾಸ್ತಿ ಗಾಳಿ, ಜಾಸ್ತಿ ಧೂಳು ದಾಟಿ ನೋಡುತ್ತದೆ. ಈ ಇಳಿಕೆ ಬಟ್ಟೆಯಲ್ಲಿ ಇದ್ದರೆ ಮೋಡ ಒಂದೂ ಇಲ್ಲದಿದ್ದರೂ ಅದು ಆಕಾಶವೇ. ಇಲ್ಲದಿದ್ದರೆ ಎಷ್ಟು ಮೋಡ ಬರೆದರೂ ಅಲ್ಲ.

ಹಾಗಾಗಿ ಬಿಳಿ ಪಾಪ್ಲಿನ್ ಮೂರು ಮೀಟರ್ ತಂದೆ. ಬಟ್ಟೆ ಶುದ್ಧ ಹತ್ತಿಯದೇ ಆಗಿರಬೇಕು, ಪಾಲಿಯೆಸ್ಟರ್ ಸೇರಿದ್ದರೆ ಬಣ್ಣ ಅರೆಬರೆ ಹಿಡಿಯುತ್ತದೆ. ತಂದವಳೇ ಒದ್ದೆ ಮಾಡಿ ಬಣ್ಣ ಹಾಕಿದೆ. ಒಂದು ಕಡೆ ಬಣ್ಣ ಇಳಿಯಿತು, ಇನ್ನೊಂದು ಕಡೆ ಹನಿಹನಿಯಾಗಿ ಮೇಲೇ ನಿಂತಿತು. ಹೊಸ ಬಟ್ಟೆಯ ಗಂಜಿ ಹೋಗಿರಲಿಲ್ಲ. ಈಗ ಬಿಸಿನೀರಿಗೆ ಸ್ವಲ್ಪ ವಾಷಿಂಗ್ ಸೋಡಾ, ಸೋಪಿನ ಪುಡಿ ಹಾಕಿ ಅರ್ಧ ಗಂಟೆ ಕುದಿಸುತ್ತೇನೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡುವುದು. ಹನಿ ಗುಂಡಗೆ ನಿಂತರೆ ಮತ್ತೆ ಕುದಿಸಬೇಕು, ತಕ್ಷಣ ಇಂಗಿದರೆ ಬಟ್ಟೆ ತಯಾರು.

ದೀಪಾವಳಿಗೆ ಬಂದಿದ್ದ ಅವ್ವ ಇದನ್ನು ನೋಡಿ ಕೇಳಿದಳು: "ಹೊಸಾ ಅರಿಬಿ ಯಾಕ ಕುದಸಾಕತ್ತೀಯವಾ? ಹಳೇದ ತಗೊಂಡ್ರ ಗಂಜಿನೂ ಹೋಗಿರ್ತೈತಿ, ಮೆತ್ತಗೂ ಇರ್ತೈತಿ." ಅವಳ ಮಾತು ನಿಜ. ಅಪ್ಪನ ಹಳೇ ಧೋತರದ ಮೇಲೆ ಬಣ್ಣ ಹರಡುವಷ್ಟು ಸಲೀಸಾಗಿ ಇನ್ನಾವುದರ ಮೇಲೂ ಹರಡಿಲ್ಲ. ತೆಳ್ಳಗಿರುವ ಬಟ್ಟೆ ಆದ್ದರಿಂದ ಹಿಂದೆ ಒಂದು ಬಿಳಿ ಬಟ್ಟೆ ಕೊಟ್ಟು ಹೊಲಿಯಬೇಕು, ಅಷ್ಟೇ.

ಬಣ್ಣ ಹಾಕಲು ನನಗೆ ಗೊತ್ತಿರುವುದು ಎರಡು ದಾರಿ. ಒಂದು ಫ್ಯಾಬ್ರಿಕ್ ಪೇಂಟ್. ಅದು ನೂಲಿನ ಮೇಲೆ ಕೂರುತ್ತದೆ, ಇಸ್ತ್ರಿಯ ಬಿಸಿಗೆ ಗಟ್ಟಿಯಾಗುತ್ತದೆ. ಇನ್ನೊಂದು ಡೈ. ಅದು ನೂಲಿನೊಳಗೆ ಹೋಗಿ ಹತ್ತಿಯ ಜೊತೆಗೇ ಬೆಸೆದುಕೊಳ್ಳುತ್ತದೆ. ಮೊದಲು ಪೇಂಟ್ ಕಲಿಯಿರಿ ಅಂತ ನಾನು ಹೇಳುತ್ತೇನೆ. ತಪ್ಪಿದರೆ ಎಲ್ಲಿ ತಪ್ಪಿತು ಅಂತ ಅಲ್ಲೇ ಕಾಣುತ್ತದೆ.

ನನ್ನ ಮೊದಲ ಆಕಾಶಗಳನ್ನು ಮೇ ತಿಂಗಳಲ್ಲಿ ಟೆರೇಸಿನ ಮೇಲೆ ಮಾಡಿದೆ. ಬಿಸಿಲಲ್ಲಿ ಬೇಗ ಒಣಗುತ್ತದೆ, ಒಳ್ಳೇದೇ ಅಂದುಕೊಂಡಿದ್ದೆ. ಆದದ್ದೇ ಬೇರೆ. ನೀಲಿಯ ಒಂದು ಪಟ್ಟಿ ಎಳೆದು ಎರಡನೆಯದಕ್ಕೆ ಬ್ರಷ್ ಅದ್ದುವಷ್ಟರಲ್ಲಿ ಮೊದಲನೆಯದರ ಅಂಚು ಒಣಗಿ ಗೆರೆ ಕಟ್ಟಿತು. ಚಹಾ ಚೆಲ್ಲಿದ ಟೇಬಲ್ ಕ್ಲಾತ್ ನೋಡಿದ್ದೀರಲ್ವಾ, ಕಲೆಯ ನಡುವೆ ತೆಳು, ಅಂಚಿನಲ್ಲಿ ಕಡು ಗೆರೆ. ಅದೇ ಗೆರೆ. ಮತ್ತೆ ನೀರು ಹಾಕಿ ಉಜ್ಜಿದರೂ ಹೋಗಲಿಲ್ಲ. ಅದರ ಮೇಲೆ ತಂತಿಗೆ ಒಣಹಾಕಿದ್ದ ಸೀರೆಯ ನೆರಳು ಬೇರೆ ಬಿದ್ದಿತ್ತು. ಒಣಗಿದ ಮೇಲೆ ನೋಡಿದರೆ ನೆರಳಿದ್ದಲ್ಲಿ ಬಣ್ಣ ತೆಳು, ಬಿಸಿಲಿದ್ದಲ್ಲಿ ಗಾಢ.

ಇದರ ಕಾರಣ ಅರ್ಥವಾಗಲು ನನಗೆ ಸ್ವಲ್ಪ ದಿನ ಹಿಡಿಯಿತು. ಬಟ್ಟೆ ಎಲ್ಲಿ ಬೇಗ ಒಣಗುತ್ತದೋ ಅಲ್ಲಿಗೆ ಪಕ್ಕದ ಒದ್ದೆ ಜಾಗದಿಂದ ನೀರು ಹರಿದು ಬರುತ್ತದೆ. ಬರುವಾಗ ಬಣ್ಣವನ್ನೂ ಹೊತ್ತು ತರುತ್ತದೆ. ನೀರು ಆರಿಹೋಗಿ ಬಣ್ಣ ಅಲ್ಲೇ ಉಳಿಯುತ್ತದೆ. ಎಲೆ, ದಾರ ಇಟ್ಟು ಬಿಸಿಲಿನಲ್ಲಿ ಅಚ್ಚು ತೆಗೆಯುವ ಕೆಲಸ ನಡೆಯುವುದೂ ಹೀಗೇ. ಎಲೆಯ ಕೆಳಗೆ ಒಣಗುವುದು ತಡ, ಆದ್ದರಿಂದ ಅಲ್ಲಿನ ಬಣ್ಣ ಹೊರಗೆ ಹೋಗಿ ಎಲೆಯಾಕಾರ ಬೆಳ್ಳಗೆ ಉಳಿಯುತ್ತದೆ. ಅಚ್ಚಿಗೆ ಅದು ಬೇಕು. ಆಕಾಶಕ್ಕೆ ಬೇಡವೇ ಬೇಡ. ಆಕಾಶಕ್ಕೆ ಇಡೀ ಬಟ್ಟೆ ಒಂದೇ ಸಮ ಒದ್ದೆ ಇರಬೇಕು, ಒಂದೇ ಸಮ ಒಣಗಬೇಕು, ನಿಧಾನಕ್ಕೆ ಒಣಗಬೇಕು.

ಆಮೇಲೆ ಜುಲೈ ಬಂತು. ಮುಂಬಯಿ ಮಳೆಗಾಲದಲ್ಲಿ ಟವೆಲ್ ಸಹ ಎರಡು ದಿನಕ್ಕೆ ಒಣಗುವುದಿಲ್ಲ. ಎಲ್ಲರಿಗೂ ಅದೊಂದು ಕಾಟ. ನನಗೆ ಮಾತ್ರ ಆ ತಿಂಗಳೇ ಆಕಾಶ ಕೊಟ್ಟಿದ್ದು. ಹಾಲ್‌ನಲ್ಲಿ ಪ್ಲೈವುಡ್ ಹಲಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಸಿ, ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಹರಡಿದೆ. ಅಂಗೈಯಿಂದ ಸುಕ್ಕೆಲ್ಲಾ ತೆಗೆದೆ. ಸುಕ್ಕು ಉಳಿದರೆ ಬಣ್ಣ ಅದರಲ್ಲಿ ನಿಂತು ಗೆರೆಯಾಗುತ್ತದೆ. ಬಟ್ಟೆ ಎಷ್ಟು ಒದ್ದೆ ಇರಬೇಕು ಅಂದರೆ, ಬೆರಳೊತ್ತಿದರೆ ತಣ್ಣಗೆ ಹೊಳೆಯಬೇಕು, ಆದರೆ ಬೆರಳಿನ ಸುತ್ತ ನೀರು ನಿಲ್ಲಬಾರದು. ಸ್ಪ್ರೇ ಬಾಟಲಿ ಕೈಗೆಟುಕುವಲ್ಲಿ ಇರಲಿ. ಫ್ಯಾನ್ ಬಂದ್. ಇದು ಮುಖ್ಯ. ಫ್ಯಾನಿನ ಗಾಳಿ ಒಂದು ಕಡೆಯಿಂದ ಒಣಗಿಸುತ್ತಾ ಬಂದರೆ ಮತ್ತೆ ಅದೇ ಗೆರೆ.

ಪೇಂಟಿಗೆ ಎರಡು ಮೂರು ಪಾಲು ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿಕೊಳ್ಳುತ್ತೇನೆ. ಒಂದೇ ನೀಲಿಯನ್ನು ಮೂರು ಬಟ್ಟಲಲ್ಲಿ ಗಾಢ, ಮಧ್ಯಮ, ತೆಳು ಅಂತ ಇಟ್ಟುಕೊಂಡರೆ ಕೈ ತಡವರಿಸುವುದಿಲ್ಲ. ಅಗಲದ ಸ್ಪಂಜ್ ಬ್ರಷ್‌ನಿಂದ ಮೇಲಿನ ಅಂಚಿನಲ್ಲಿ ಗಾಢ ನೀಲಿ, ಎಡದಿಂದ ಬಲಕ್ಕೆ ಒಂದೇ ಎಳೆತ. ಅದರ ಕೆಳಗೆ ಸ್ವಲ್ಪ ಮೇಲೆ ಹತ್ತುವ ಹಾಗೆ ಮಧ್ಯಮ, ಆಮೇಲೆ ತೆಳು, ಕೊನೆಗೆ ಬರೀ ನೀರು. ಆಮೇಲೆ ಕೈ ಕಟ್ಟಿ ಕೂರಬೇಕು. ಕಷ್ಟದ ಭಾಗ ಇದೇ. ಇಲ್ಲೊಂಚೂರು ಸರಿ ಮಾಡೋಣ ಅಂತ ಅರೆ ಒಣಗಿದ ಬಟ್ಟೆಗೆ ಬ್ರಷ್ ಮುಟ್ಟಿಸಿದರೆ ಕೆಟ್ಟಿತು ಅಂತಲೇ ಲೆಕ್ಕ. ಬಿಟ್ಟರೆ ನೀರು ತಾನೇ ಬಣ್ಣಗಳನ್ನು ಸೇರಿಸುತ್ತದೆ, ನಮ್ಮ ಕೈಗಿಂತ ಎಷ್ಟೋ ಚೆನ್ನಾಗಿ. ಒಣಗಿದ ಮೇಲೆ ಬಣ್ಣ ಒದ್ದೆ ಇದ್ದಾಗ ಕಂಡದ್ದಕ್ಕಿಂತ ತೆಳುವಾಗುತ್ತದೆ. ಅದಕ್ಕೆ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಗಾಢವಾಗಿ ಹಾಕಬೇಕು.

ಮೋಡಕ್ಕೆ ಬಿಳಿ ಪೇಂಟ್ ಬೇಡ. ನೀಲಿ ಇನ್ನೂ ಒದ್ದೆ ಇರುವಾಗ ಹಳೇ ಬನಿಯನ್ ತುಂಡನ್ನು ಉಂಡೆ ಮಾಡಿ ಒತ್ತಿ ಎತ್ತಿದರೆ ಬಣ್ಣ ಅದಕ್ಕೆ ಬರುತ್ತದೆ, ಬಟ್ಟೆಯಲ್ಲಿ ಮೋಡ ಉಳಿಯುತ್ತದೆ. ಮೇಲಿನ ಮೋಡ ದೊಡ್ಡದು, ದಿಗಂತದ ಹತ್ತಿರ ಸಣ್ಣದು, ಚಪ್ಪಟೆ. ತಳಕ್ಕೆ ಒಂಚೂರು ಬೂದಿ ಬಣ್ಣ ತಾಗಿಸಿದರೆ ಮೋಡಕ್ಕೆ ತೂಕ ಬರುತ್ತದೆ. ಮಳೆಮೋಡ ಬೇಕಿದ್ದರೆ ಮಾತ್ರ ಬಟ್ಟೆಯನ್ನು ಬೇಕಂತಲೇ ಸುಕ್ಕಾಗಿ ಹಾಸಿ ಬೂದಿ, ನೀಲಿ ಸುರಿಯುತ್ತೇನೆ. ಮೇ ತಿಂಗಳಲ್ಲಿ ಹಾಳು ಮಾಡಿದ ಗೆರೆಗಳೇ ಆಗ ಕೆಲಸಕ್ಕೆ ಬರುತ್ತವೆ.

ಒದ್ದೆ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸಿದರೆ ಹರಳಿನ ಸುತ್ತ ಬಣ್ಣ ಸೇರಿ ನಕ್ಷತ್ರದ ಹಾಗೆ ಮೂಡುತ್ತದೆ. ರಾತ್ರಿ ಆಕಾಶಕ್ಕೆ ಬಹಳ ಚೆಂದ. ಆದರೆ ಜುಲೈನಲ್ಲಿ ನನ್ನ ಉಪ್ಪು ಗಾಳಿಯ ತೇವಕ್ಕೇ ಕರಗಿ ಬರೀ ಕಲೆಯಾಯಿತು. ಡಿಸೆಂಬರ್, ಜನವರಿಯಲ್ಲಿ ಮಾಡಿದರೆ ಸರಿ ಬರುತ್ತದೆ.

ಪೂರ್ತಿ ಒಣಗಿ ಒಂದು ದಿನ ಆದ ಮೇಲೆ ಹತ್ತಿಯ ಬಿಸಿಗೆ ಇಸ್ತ್ರಿ ಇಟ್ಟು ಹಿಂಬದಿಯಿಂದ ಒತ್ತಬೇಕು, ಒಂದೊಂದು ಜಾಗಕ್ಕೆ ಎರಡು ಮೂರು ನಿಮಿಷ. ಇಸ್ತ್ರಿ ಒಂದೇ ಕಡೆ ನಿಲ್ಲದೆ ಆಡುತ್ತಿರಲಿ.

ಇನ್ನು ಡೈ. ತಣ್ಣೀರಲ್ಲೇ ಹಿಡಿಯುವ ರಿಯಾಕ್ಟಿವ್ ಡೈ ಬೇಕು, ಅಂದರೆ ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆಯುವಂಥದ್ದು. ಕೋಲ್ಡ್ ಬ್ರ್ಯಾಂಡ್ ಅಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಅಂತ ಮಾರುಕಟ್ಟೆಗೆ ತಂದ ಜಾತಿಯದು. ಪುಡಿ ಮೂಗಿಗೆ ಹೋಗಬಾರದು, ಕೆಲವರಿಗೆ ಅದರಿಂದ ಉಬ್ಬಸ ಬರುತ್ತದೆ. ಮಾಸ್ಕ್, ಗ್ಲೌಸ್ ಹಾಕಿಯೇ ಕೆಲಸ. ಇದಕ್ಕೆ ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಸೋಡಾ ಆ್ಯಷ್ (ಡೈ ಹತ್ತಿಗೆ ಬೆಸೆಯಲು ಬೇಕಾದ ಕ್ಷಾರದ ಪುಡಿ) ಕರಗಿಸಿ ಬಟ್ಟೆಯನ್ನು ಇಪ್ಪತ್ತು ನಿಮಿಷ ನೆನೆಸಿ ಹಿಂಡುತ್ತೇನೆ. ಮುಂದಿನದೆಲ್ಲಾ ಪೇಂಟಿನ ಹಾಗೇ, ಬಟ್ಟೆ ಒದ್ದೆ ಇರುವಾಗಲೇ. ಒಣಗಿಸುವ ಬದಲು ಪ್ಲಾಸ್ಟಿಕ್ ಮುಚ್ಚಿ ಬಿಡಬೇಕು, ಏಕೆಂದರೆ ಡೈ ಬೆಸೆಯುವುದು ತೇವ ಇರುವ ತನಕ ಮಾತ್ರ. ಮುಂಬಯಿಯ ಸೆಖೆಯಲ್ಲಿ ಒಂದು ರಾತ್ರಿ ಸಾಕು. ಆಮೇಲೆ ಮೊದಲು ತಣ್ಣೀರು, ನಂತರ ಬಿಸಿನೀರು, ನೀರು ತಿಳಿಯಾಗುವ ತನಕ ತೊಳೆಯುವುದು.

ಇಲ್ಲೇ ನನಗೆ ಒಂದು ದೊಡ್ಡ ಏಟು ಬಿತ್ತು. ಟರ್ಕಾಯ್ಸ್ ಅನ್ನುವ ಹಸಿರು ಮಿಶ್ರಿತ ನೀಲಿ ಇದೆಯಲ್ವಾ, ದಿಗಂತದ ಮೇಲೆ ಅದೊಂದು ಪಟ್ಟಿ ಕೊಟ್ಟರೆ ಆಕಾಶಕ್ಕೆ ಜೀವ ಬರುತ್ತದೆ. ಅದರ ಅಣು ದೊಡ್ಡದು, ಬೆಸೆಯುವುದು ನಿಧಾನ. ಬೇರೆ ಬಣ್ಣಕ್ಕಿಂತ ಜಾಸ್ತಿ ಹೊತ್ತು, ಜಾಸ್ತಿ ಬಿಸಿ ಕೇಳುತ್ತದೆ. ಜನವರಿಯ ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಅವಸರದಲ್ಲಿ ನೇರ ಬಿಸಿನೀರಿಗೆ ಹಾಕಿದೆ. ಅರ್ಧ ಬಣ್ಣ ಬಿಟ್ಟುಕೊಂಡಿತು, ಬಿಟ್ಟ ಬಣ್ಣ ಹೋಗಿ ಬಿಳಿ ಮೋಡಗಳಿಗೆ ಕೂತಿತು. ಎರಡು ದಿನದ ಕೆಲಸ. ಆ ಬಟ್ಟೆ ಹಿಡಿದುಕೊಂಡು ಬಾತ್‌ರೂಮಿನಲ್ಲಿ ಸುಮಾರು ಹೊತ್ತು ನಿಂತಿದ್ದೆ. ಈಗ ಟರ್ಕಾಯ್ಸ್ ಇದ್ದರೆ ಪೂರ್ತಿ ಒಂದು ದಿನ, ಮಧ್ಯಾಹ್ನ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಇಡುತ್ತೇನೆ. ತಣ್ಣೀರಲ್ಲಿ ಐದಾರು ಸಲ ತೊಳೆದ ಮೇಲೆಯೇ ಬಿಸಿನೀರು.

ಐರೋಲಿಯ ಆ ಸಂಜೆಗೆ ಬಿಳಿ ಬಟ್ಟೆ ಹೊಂದಲಿಲ್ಲ. ಬಣ್ಣ ತೀರಾ ಸ್ವಚ್ಛವಾಗಿ ಬರುತ್ತಿತ್ತು, ಗುಡ್ಡಗಾಡಿನ ಆಕಾಶದ ಹಾಗೆ. ಮರಾಠಿಯವರು ಮಾಂಜರಪಾಟ್ ಅನ್ನುವ ಕೋರಾ ಬಟ್ಟೆ ತಂದೆ, ಬ್ಲೀಚ್ ಮಾಡದ್ದು, ಕೆನೆ ಬಣ್ಣದ್ದು. ಅದರ ಮೇಲೆ ಪೇಂಟ್ ಹಾಕಿದಾಗ ಕೆನೆ ಬಣ್ಣವೇ ಧೂಳಾಯಿತು, ನಾನು ಧೂಳು ಬಳಿಯಬೇಕಾಗಲೇ ಇಲ್ಲ. ಸಂಜೆಯ ಆಕಾಶದಲ್ಲಿ ಒಂದು ಎಚ್ಚರ ಬೇಕು. ಹಳದಿಗೆ ನೀಲಿ ತಾಗಿದರೆ ಹಸಿರಾಗುತ್ತದೆ. ಇವೆರಡರ ನಡುವೆ ಗುಲಾಬಿಯ ಅಗಲ ಪಟ್ಟಿ ಇರಲೇಬೇಕು. ಗುಲಾಬಿ, ನೀಲಿ ಸೇರುವಲ್ಲಿ ಬೂದಿ ನೇರಳೆ ತಾನಾಗಿ ಹುಟ್ಟುತ್ತದೆ. ನಾಲ್ಕು ಬಟ್ಟೆ ಮಾಡಿದೆ, ಮೂರನೆಯದು ಆ ಸಂಜೆಯೇ ಆಗಿ ಬಂತು.

ಅದನ್ನು ಅವ್ವ ಕೌದಿಗೆ ಹಾಕುವ ಹಾಗೆ ಅಡ್ಡಡ್ಡ ಕೈಹೊಲಿಗೆಯಲ್ಲೇ ಹೊಲಿದೆ. ಆಕಾಶದಲ್ಲಿ ಹೊಲಿಗೆ ಒತ್ತೊತ್ತಾಗಿ ಬಿದ್ದರೆ ಬಟ್ಟೆ ಬಿಗಿದು ಚಿಕ್ಕದಾಗುತ್ತದೆ, ಅದಕ್ಕೆ ನಾಲ್ಕೂ ಕಡೆ ಮೂರು ಇಂಚು ಹೆಚ್ಚು ಬಿಟ್ಟಿದ್ದೆ. ಕೆಳಗೆ ಖಾಡಿಯ ನೀರಿಗೆ ಬಟ್ಟೆ ಹುಡುಕುವಾಗ, ಟರ್ಕಾಯ್ಸ್ ಮೋಡಕ್ಕೆ ಹತ್ತಿ ಕೆಟ್ಟಿದ್ದ ಬಟ್ಟೆ ಕಪಾಟಿನಲ್ಲಿ ಸಿಕ್ಕಿತು. ತಲೆಕೆಳಗು ಮಾಡಿ ಆಕಾಶದ ಕೆಳಗೆ ಇಟ್ಟು ನೋಡಿದೆ. ಗಾಢ ನೀಲಿ ಹತ್ತಿರಕ್ಕೆ ಬಂತು, ತೆಳು ದೂರ ಹೋಯಿತು, ನೀಲಿ ಕೂತ ಮೋಡಗಳು ಇಳಿತದ ನೀರಲ್ಲಿ ಅಲ್ಲಲ್ಲಿ ಏಳುವ ಕೆಸರಿನ ದಿಬ್ಬಗಳಾದವು. ಫ್ಲೆಮಿಂಗೊಗಳನ್ನು ಆ ದಿಬ್ಬಗಳ ಮೇಲೆಯೇ ನಿಲ್ಲಿಸಿದೆ.