ಮೂಳೆಯ ಖಾಲಿ ಗೂಡು ಎಣಿಸೋಕೆ ಹೋದಾಗ

ಪೆಥಾಲಜಿ ಪಿಜಿ ಮಾಡೋವಾಗ ನನ್ನ ಥೀಸಿಸ್ ಕೆಲಸ ಏನಂದ್ರೆ, ಸೊಂಟದ ಕೀಲು ಬದಲಾಯಿಸೋ ಆಪರೇಷನ್‌ನಲ್ಲಿ ತೆಗೆದ ತೊಡೆಮೂಳೆಯ ಮೇಲ್ತುದಿಯ ಗುಂಡು ತರಿಸ್ಕೊಂಡು ಅದರಲ್ಲಿ ಎಷ್ಟು ಜೀವಕೋಶ ಸತ್ತಿದೆ ಅಂತ ಎಣಿಸೋದು. ಮೂಳೆ ಕಲ್ಲಿನ ಥರ ಅಂದ್ಕೋತೀವಿ, ಆದ್ರೆ ಒಳಗೆಲ್ಲ ಸಣ್ಣ ಸಣ್ಣ ಗೂಡು, ಒಂದೊಂದರಲ್ಲೂ ಒಂದು ಆಸ್ಟಿಯೋಸೈಟ್ ಅನ್ನೋ ಕೋಶ, ಮೂಳೆ ಕೋಶಗಳಲ್ಲಿ 90%ಗಿಂತ ಜಾಸ್ತಿ ಇವೇ. ಕೋಶ ಸತ್ತು ಹೋದ್ರೆ ಗೂಡು ಖಾಲಿ ಕಾಣತ್ತೆ. ಎಲ್ಲಿ ಬಿರುಕು ಬಿತ್ತು, ಎಲ್ಲಿ ಭಾರ ಬೀಳ್ತಿದೆ ಅಂತ ಸುದ್ದಿ ಮುಟ್ಟಿಸೋದು ಇವೇ. ವಯಸ್ಸಾಗ್ತಾ, ಮುಟ್ಟು ನಿಂತ ಮೇಲೆ, ಸ್ಟೀರಾಯ್ಡ್ ತಿಂಗಳುಗಟ್ಟಲೆ ತಗೊಂಡಾಗ ಇವು ಸಾಯೋದು ಜಾಸ್ತಿ ಆಗತ್ತೆ, ಆಗ ಸ್ಕ್ಯಾನ್‌ನಲ್ಲಿ ಸಾಂದ್ರತೆ ಅಷ್ಟೇನೂ ಕಮ್ಮಿ ಕಾಣದೇ ಇದ್ರೂ ಮೂಳೆ ಮುರಿಯಬಹುದು.

ಮೊದಲ ಬ್ಯಾಚ್ ನಾನೇ ಹಾಳು ಮಾಡ್ದೆ. ಮೂಳೆಯ ಸುಣ್ಣ (ಕ್ಯಾಲ್ಸಿಯಂ) ತೆಗೀದೆ ಮೈಕ್ರೋಟೋಮ್‌ನಲ್ಲಿ, ಅಂದ್ರೆ ತೆಳ್ಳಗೆ ಕುಯ್ಯೋ ಯಂತ್ರದಲ್ಲಿ, ಕುಯ್ಯೋಕಾಗಲ್ಲ, ಬೇಗ ಆಗ್ಲಿ ಅಂತ ನೈಟ್ರಿಕ್ ಆಸಿಡ್‌ನಲ್ಲಿ ಹಾಕಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟುಬಿಟ್ಟೆ. ಸ್ಲೈಡ್ ನೋಡಿದ್ರೆ ಎಲ್ಲಾ ಗೂಡೂ ಖಾಲಿ! ನನಗಂತೂ ಖುಷಿ, ರಿಸಲ್ಟ್ ಬಂತು ಅಂತ ಮೇಡಂ ಹತ್ರ ಓಡಿದೆ. ಅವರು ಒಂದ್ಸಲ ನೋಡಿ "ಮೇಲಿನ ಕಾರ್ಟಿಲೇಜ್ ನೋಡಿದ್ಯೇನಮ್ಮಾ? ಅಲ್ಲೂ ನ್ಯೂಕ್ಲಿಯಸ್‌ಗೆ ಬಣ್ಣ ಹತ್ತಿಲ್ವಲ್ಲ" ಅಂದ್ರು. ಕಾರ್ಟಿಲೇಜ್‌ಗೆ, ಅಂದ್ರೆ ಗುಂಡಿನ ಮೇಲಿನ ಮೆತ್ತನೆ ಹೊದಿಕೆಗೆ, ಆಹಾರ ಸಿಗೋದು ಕೀಲಿನೊಳಗಿನ ದ್ರವದಿಂದ, ರಕ್ತ ಪೂರೈಕೆ ನಿಂತು ಮೂಳೆ ಸತ್ರೂ ಅದು ಬದುಕಿರತ್ತೆ. ಅದೂ ಸತ್ತಂಗೆ ಕಂಡ್ರೆ ತಪ್ಪು ಆಸಿಡ್‌ದು, ರೋಗದ್ದಲ್ಲ.

ಆಮೇಲೆ ಸರಿಯಾಗಿ ಮಾಡ್ದೆ. ಆಪರೇಷನ್ ಆದ ತಕ್ಷಣ 3-4 ಮಿಮೀ ದಪ್ಪದ ಹೋಳು ಸೀಳಿ, ಕೊಳೆಯದ ಹಾಗೆ ಇಡೋ ಫಾರ್ಮಾಲಿನ್‌ಗೆ (ಇಡೀ ಗುಂಡು ಹಾಗೇ ಹಾಕಿದ್ರೆ ಒಳಗಿನವರೆಗೆ ಇಳಿಯಲ್ಲ), ಆಮೇಲೆ ಸುಣ್ಣವನ್ನ ನಿಧಾನವಾಗಿ ತೆಗೆಯೋ ಇಡಿಟಿಎ ದ್ರಾವಣಕ್ಕೆ, ಎರಡು ಮೂರು ದಿನಕ್ಕೊಂದ್ಸಲ ದ್ರಾವಣ ಬದಲಾಯಿಸ್ತಾ ವಾರಗಟ್ಟಲೆ ಕಾಯೋದು, ಸುಣ್ಣ ಹೋಯ್ತಾ ಅಂತ ಎಕ್ಸ್‌ರೇನಲ್ಲಿ ನೋಡೋದು. ತುಂಬಾ ಬೇಜಾರಿನ ಕೆಲಸ ಆದ್ರೆ ನ್ಯೂಕ್ಲಿಯಸ್ ನೀಲಿಯಾಗಿ ಎದ್ದು ಕಾಣ್ತಿತ್ತು. ಚಾಕು ತಾಗಿ ಕೋಶ ಉದುರಿಹೋಗೋದೂ ಇದೆ, ಅದಕ್ಕೆ ಒಂದೆರಡು ಖಾಲಿ ಗೂಡನ್ನ ನಾನು ಲೆಕ್ಕಕ್ಕೇ ತಗೋತಿರ್ಲಿಲ್ಲ, ಮೂಳೆಯ ಒಂದು ಎಳೆ ಪೂರ್ತಿ ಖಾಲಿ ಗೂಡೇ ಇದ್ದು ಪಕ್ಕದ ಮಜ್ಜೆಯೂ ಸತ್ತಿದ್ರೆ ಮಾತ್ರ ಸತ್ತ ಮೂಳೆ ಅಂತ ಬರೀತಿದ್ದೆ. ಇನ್ನೊಂದು, ರಕ್ತ ಪೂರೈಕೆ ನಿಂತ ಮರುದಿನವೇ ಗೂಡು ಖಾಲಿ ಆಗಲ್ಲ, ದಿನಗಳು, ಕೆಲವು ಸಲ ವಾರಗಳೇ ಬೇಕು.

ಚರ್ಮದ ಕಾಯಿಲೆಗೆ ಬಹಳ ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದ್ದ ಒಬ್ಬ ಚಿಕ್ಕ ವಯಸ್ಸಿನ ಪೇಷಂಟ್‌ದು ಇನ್ನೂ ಕಣ್ಮುಂದೆ ಇದೆ. ಮೇಲೆ ಕಾರ್ಟಿಲೇಜ್ ಚೆನ್ನಾಗಿ ಬದುಕಿದೆ, ಕೆಳಗೆ ಸಾಲು ಸಾಲು ಗೂಡು ಖಾಲಿ. ಸತ್ತ ಮೂಳೆ ತಕ್ಷಣ ಕುಸಿಯಲ್ಲ, ಭಾರ ಹೊರ್ತಾನೇ ಇರತ್ತೆ, ದೇಹ ಅದನ್ನ ತಿಂದು ಹೊಸದು ಕಟ್ಟೋಕೆ ಶುರು ಮಾಡಿದಾಗ ಕುಸಿಯತ್ತೆ. ಅದಕ್ಕೇ ಶುರುವಲ್ಲಿ ಎಕ್ಸ್‌ರೇ ನಾರ್ಮಲ್ ಇರತ್ತೆ, ಎಂಆರ್‌ಐನಲ್ಲಿ ಗೊತ್ತಾಗತ್ತೆ. ಈಗ ನಮ್ಮ ಲ್ಯಾಬ್‌ಗೆ ಬರೀ 'ಎವಿಎನ್' (ರಕ್ತ ಸಿಗದೆ ಮೂಳೆ ಸಾಯೋ ಕಾಯಿಲೆ) ಅಂತ ಬರೆದು ಮೂಳೆ ಕಳಿಸಿದ್ರೆ ನಾನು ವಾರ್ಡ್‌ಗೆ ಫೋನ್ ಮಾಡಿ ಸ್ಟೀರಾಯ್ಡ್ ಎಷ್ಟು ತಿಂಗಳು ತಗೊಂಡಿದ್ರು, ಇನ್ನೊಂದು ಕಡೆಯ ಸೊಂಟದ ಎಂಆರ್‌ಐ ಆಗಿದ್ಯಾ ಅಂತ ಕೇಳೇ ಕೇಳ್ತೀನಿ.